ಅಂಗೈಯಷ್ಟು ಕಾಲುಚೀಲ, ಅದರ ಮೇಲೊಂದು ನವಿಲು

ಮೊಮ್ಮಗಳ ನಾಮಕರಣಕ್ಕೆ ಕೊಂಡ ಕಾಲುಚೀಲಗಳ ಮೇಲೆ ಕಸೂತಿ ಹಾಕಿಸಲು, ಅವನ್ನು ಹಿಡಿದು ಡೊಂಬಿವಲಿಯಿಂದ ಮುಂಬೈಯ ದಾದರ್‌ವರೆಗೆ ಲೋಕಲ್ ರೈಲಿನಲ್ಲಿ ಹೋದೆ. ಮನೆಯ ಹತ್ತಿರದ ಅಂಗಡಿಯಲ್ಲಿ ಮೊದಲ ಜೊತೆ ಹಾಳಾಗಿತ್ತು. ಬಟ್ಟೆಯನ್ನು ಎಳೆದು ಚೌಕಟ್ಟಿಗೆ ಬಿಗಿದು ಕಸೂತಿ ಹಾಕಿದ್ದರು; ಬಿಚ್ಚಿದ ಕೂಡಲೇ ಹೂವೆಲ್ಲ ಒಣದ್ರಾಕ್ಷಿಯಂತೆ ಮುದುಡಿತು. ನನಗೆ ಅಳುವೇ ಬಂದಿತ್ತು.

ದಾದರ್ ಪಶ್ಚಿಮದ ಗಲ್ಲಿಯೊಂದರಲ್ಲಿರುವ ಈ ಅಂಗಡಿಯವರು ಕುಂದಾಪುರದ ಕಡೆಯವರು. ಅವರು ಕಾಲುಚೀಲವನ್ನು ಚೌಕಟ್ಟಿಗೆ ಸಿಕ್ಕಿಸಲೇ ಇಲ್ಲ. ಒಂದು ಬದಿಗೆ ಅಂಟು ಇರುವ ಹಾಳೆಯನ್ನು ಮಾತ್ರ ಬಿಗಿದು, ಅದರ ಮೇಲೆ ಚೀಲವನ್ನು ಎಳೆಯದೆ ಮೆಲ್ಲನೆ ಒತ್ತಿ ಕೂರಿಸಿದರು. ಇನ್ನೊಂದು ಪದರ ಸೂಜಿಗೆ ಸಿಕ್ಕರೆ ಚೀಲದ ಬಾಯಿಯೇ ಹೊಲಿದುಹೋಗುತ್ತದೆ. ಅದನ್ನು ಮಡಚಿ ಕ್ಲಿಪ್ ಹಾಕಿ, ಬೆರಳು ತೂರಿಸಿ ಎರಡು ಸಲ ನೋಡಿಕೊಂಡರು. ಮೇಲೆ ನೀರಿನಲ್ಲಿ ಕರಗುವ ತೆಳು ಹಾಳೆ, ದಾರ ಹೆಣಿಗೆಯೊಳಗೆ ಹೂತುಹೋಗದಿರಲಿ ಎಂದು. ಸೂಜಿಯ ತುದಿಯೂ ದುಂಡಗೆ. ಎಳೆಯನ್ನು ಕತ್ತರಿಸದೆ ಸರಿಸಿಕೊಂಡು ಇಳಿಯುತ್ತದೆ.

ನಾನು ಕಾಲುಚೀಲದ ಸುತ್ತ ಬಳ್ಳಿ ಕೇಳಿದ್ದೆ. "ಬೇಡ ಅಮ್ಮಾ, ಬಟ್ಟೆ ಹಿಗ್ಗುತ್ತದೆ, ದಾರ ಹಿಗ್ಗುವುದಿಲ್ಲ. ಮಗುವಿನ ಕಾಲು ಒಳಗೆ ಹೋಗುವುದಿಲ್ಲ" ಎಂದು ಹೊರಬದಿಗೆ ಒಂದೇ ಪುಟ್ಟ ನವಿಲು ಹಾಕಿದರು. ಒಳಗಿನ ಗಂಟುಗಳು ಚುಚ್ಚದಂತೆ ಮೃದುವಾದ ಬಟ್ಟೆಯನ್ನು ಇಸ್ತ್ರಿಯಿಂದ ಅಂಟಿಸಿದ್ದನ್ನು ಕಂಡು ಮನಸ್ಸು ತುಂಬಿತು.

ಒಂದು ಜೊತೆಗೆ 120 ರೂಪಾಯಿ ತೆಗೆದುಕೊಂಡರು. ಹೇಳಿದ್ದಕ್ಕಿಂತ ಮೂರು ದಿನ ತಡವಾಯಿತು, ಅದೊಂದು ಬೇಸರ. ನಾಲ್ಕು ಸಲ ಒಗೆದಿದ್ದೇನೆ. ನವಿಲಿನ ಕತ್ತು ಇನ್ನೂ ನೆಟ್ಟಗಿದೆ.