ನಿರ್ಣಯವೋ, ಬರೆದಿಟ್ಟ ಕ್ರಮವೋ? ಅಮೆರಿಕದ ಶಾಲಾ ಮಂಡಳಿಗಳ ಮುಂದಿರುವ ಆಯ್ಕೆ

ವಲಸೆ ಬಂದ ಮಕ್ಕಳನ್ನು ಕಾಪಾಡಲು ನಿಮ್ಮ ಮಂಡಳಿಗೆ ಎರಡು ದಾರಿಗಳಿವೆ.

ಮೊದಲನೆಯದು, ‘ಎಲ್ಲ ಮಕ್ಕಳಿಗೂ ಸ್ವಾಗತ’ ಎಂಬ ನಿರ್ಣಯ. ಒಂದೇ ಸಭೆಯಲ್ಲಿ ಮುಗಿಯಬಹುದು. ಹೆದರಿದ ತಾಯಿಗೆ ಧೈರ್ಯ ಬರುತ್ತದೆ, ಅದು ಸಣ್ಣ ಮಾತಲ್ಲ. ಕಾನೂನೂ ಜೊತೆಗಿದೆ: ಅಮೆರಿಕದ ಸುಪ್ರೀಂ ಕೋರ್ಟ್ 1982ರಲ್ಲಿ ಕೊಟ್ಟ ಪ್ಲೈಲರ್ ತೀರ್ಪಿನ ಪ್ರಕಾರ ವಲಸೆ ದಾಖಲೆ ಇಲ್ಲದ ಮಗುವಿಗೂ ಸರ್ಕಾರಿ ಶಾಲೆ ಬಾಗಿಲು ಮುಚ್ಚುವಂತಿಲ್ಲ.

ಆದರೆ ವಲಸೆ ಅಧಿಕಾರಿಗಳು ಶಾಲೆಯ ಬಾಗಿಲಿಗೇ ಬಂದರೆ? ಶಾಲೆಗಳಿಗಿದ್ದ ವಿಶೇಷ ರಕ್ಷಣೆಯ ನೀತಿಯನ್ನು 2025ರ ಜನವರಿಯಲ್ಲಿ ಸರ್ಕಾರ ತೆಗೆದುಹಾಕಿತು. ಆಗ ಬೇಕಾಗುವುದು ಎರಡನೆಯ ದಾರಿ: ಅವರು ಬಂದಾಗ ಸಿಬ್ಬಂದಿ ಏನು ಮಾಡಬೇಕೆಂದು ಬರೆದಿಟ್ಟ ಕ್ರಮ.

ಅದರಲ್ಲಿ ವಾರಂಟ್ ವಿಷಯ ಜಾಸ್ತಿ ಮುಖ್ಯ. ನ್ಯಾಯಾಧೀಶರು ಸಹಿ ಮಾಡಿದ ವಾರಂಟ್ ಬೇರೆ, ವಲಸೆ ಇಲಾಖೆಯವರೇ ಸಹಿ ಮಾಡಿದ್ದು ಬೇರೆ. ಎರಡನೆಯದನ್ನು ತೋರಿಸಿದ ಮಾತ್ರಕ್ಕೆ ತರಗತಿಯೊಳಗೆ ಬಿಡಬೇಕಿಲ್ಲ. ಶಾಲೆಯ ಸ್ವಾಗತ ಮೇಜಿನಲ್ಲಿ ಕೂತವರಿಗೆ ಇದು ಗೊತ್ತಿರಬೇಕು ಅಲ್ವಾ? ಯಾವ ವಕೀಲರಿಗೆ ಫೋನ್ ಮಾಡಬೇಕು ಅನ್ನುವುದೂ ಅಲ್ಲೇ ಬರೆದಿರಲಿ.

ಮಕ್ಕಳ ಶಾಲಾ ದಾಖಲೆಗಳಿಗೆ 1974ರ ಫೆರ್ಪಾ ಎಂಬ ಗೋಪ್ಯತಾ ಕಾಯ್ದೆಯ ರಕ್ಷಣೆ ಇದೆ. ಆದರೂ ವಿಳಾಸದಂಥ ವಿವರಗಳನ್ನು ಹೊರಗೆ ಕೊಡಬೇಡಿ ಎಂದು ಪೋಷಕರೇ ಬರೆದುಕೊಡಬೇಕಾಗಬಹುದು.

ಒಂದನ್ನೇ ಆರಿಸಬೇಕಾದರೆ ನನ್ನ ಆಯ್ಕೆ ಕ್ರಮವೇ. ಆ ಪೋಷಕರ ಅರ್ಜಿಯನ್ನು ಮನೆಮಾತಿನಲ್ಲೇ ಅಚ್ಚು ಮಾಡಿಸಿ, ದಾಖಲಾತಿಯ ದಿನವೇ ಕೈಗೆ ಕೊಡಿ.