ಮಗ ಕಳುಹಿಸಿದ ‘72 ಗಂಟೆ’ ಚೀಲ: ಒಂದು ಮಳೆಗಾಲ ಕಳೆದ ಮೇಲೆ

ಬೆಂಗಳೂರಿನಲ್ಲಿರುವ ಮಗ ಕಳೆದ ಮೇ ತಿಂಗಳಲ್ಲಿ, ವಿಪತ್ತಿನ ಹೊತ್ತಿಗೆ ಬೇಕಾಗುವ ಸಾಮಾನು ತುಂಬಿದ ಒಂದು ಕೆಂಪು ಚೀಲ ಕಳುಹಿಸಿದ. ಅದರ ಮೇಲೆ ದಪ್ಪ ಬಿಳಿ ಅಕ್ಷರಗಳಲ್ಲಿ ‘72 ಗಂಟೆ, ನಾಲ್ವರ ಕುಟುಂಬಕ್ಕೆ’ ಎಂಬ ಅರ್ಥದ ಬರಹವಿತ್ತು. ಬೆಲೆ ಎಷ್ಟೆಂದು ಅವನು ಹೇಳಲಿಲ್ಲ. ಡಬ್ಬದೊಳಗಿನ ಬಿಲ್ ಹೇಳಿತು: 6,499 ರೂಪಾಯಿ. “ಇಷ್ಟು ದುಡ್ಡಿಗೆ ನಾಲ್ಕು ಒಳ್ಳೆಯ ಕಂಬಳಿ ಬರುತ್ತಿತ್ತಲ್ಲಮ್ಮ” ಎಂದರು ಅತ್ತೆ. ಈಗ ಒಂದು ಮಳೆಗಾಲ ಮುಗಿದಿದೆ. ಅವರ ಮಾತು ಮುಕ್ಕಾಲು ಪಾಲು ನಿಜವೆಂದು ಒಪ್ಪಿಕೊಂಡೇ ಈ ವಿಮರ್ಶೆ ಬರೆಯುತ್ತಿದ್ದೇನೆ.

ನಮ್ಮ ಮನೆ ಇರುವುದು ಮಡಿಕೇರಿಯಿಂದ ಮಕ್ಕಂದೂರಿನ ಕಡೆಗೆ, ಇಳಿಜಾರಿನಲ್ಲಿ. ಮೂರು ಎಕರೆ ಕಾಫಿ, ನಡುವೆ ಒಂದಿಷ್ಟು ಕರಿಮೆಣಸು. 2018ರ ಆಗಸ್ಟ್ ನಡುವೆ ಗುಡ್ಡಗಳು ಕುಸಿದ ಆ ದಿನಗಳನ್ನು ಕೊಡಗಿನವರಿಗೆ ನೆನಪಿಸಬೇಕಾಗಿಲ್ಲ. ಅಡುಗೆಮನೆಯ ಹಿಂದಿನ ಬರೆ (ಕಡಿದಾದ ಮಣ್ಣಿನ ದಿಬ್ಬ) ಜರಿಯಲು ಶುರುವಾದಾಗ ರಾತ್ರಿಯಾಗಿತ್ತು, ಕರೆಂಟು ಹೋಗಿ ಎರಡು ದಿನವಾಗಿತ್ತು. ಹೊರಡಲು ನಮಗೆ ಸಿಕ್ಕಿದ್ದು ಹತ್ತು ನಿಮಿಷ. ಯಜಮಾನರು ಜಾಗದ ಕಾಗದಗಳ ಫೈಲು ಹಿಡಿದರು. ಅತ್ತೆ ಎಲೆಯಡಿಕೆ ಡಬ್ಬಿ ಹಿಡಿದರು. ನಾನು ಹಿಡಿದದ್ದು ಮರುದಿನಕ್ಕೆಂದು ರುಬ್ಬಿಟ್ಟ ದೋಸೆ ಹಿಟ್ಟಿನ ಪಾತ್ರೆ! ಅತ್ತೆಯ ಇನ್ಸುಲಿನ್ ಫ್ರಿಜ್‌ನಲ್ಲೇ ಉಳಿಯಿತು. ಆದ್ದರಿಂದ ಇಂಥ ಯಾವ ಸಾಮಾನು ಬಂದರೂ ನಾನು ಅದನ್ನು ಆ ರಾತ್ರಿಯ ಪಕ್ಕದಲ್ಲಿಟ್ಟು ನೋಡುತ್ತೇನೆ.

ಮೊದಲು ತೂಕ. ಕಾಫಿ ತೂಗುವ ಕಾಟಾದಲ್ಲಿಟ್ಟಾಗ 9 ಕಿಲೋ ಬಂತು. ನಾಲ್ವರ ಸಾಮಾನು, ಚೀಲ ಮಾತ್ರ ಒಂದೇ. ಕೆಸರಿನ ದಾರಿಯಲ್ಲಿ ಅತ್ತೆಯ ಕೈ ಹಿಡಿಯಲು ಒಬ್ಬರು, ಟಾರ್ಚ್ ಹಿಡಿಯಲು ಇನ್ನೊಬ್ಬರು ಬೇಕು. ಉಳಿದವರಲ್ಲಿ ಒಬ್ಬಳು ಹತ್ತನೆಯ ತರಗತಿಯ ಹುಡುಗಿ. ಮನೆಯೊಳಗೇ ಮೂರು ದಿನ ಕುಳಿತು ಕಳೆಯುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ತುಂಬಿದ್ದಾರೆ ಎಂಬುದು ಎತ್ತಿದ ಕೂಡಲೇ ತಿಳಿಯುತ್ತದೆ. ನಮ್ಮಲ್ಲಿ ಮನೆಯೇ ಅಪಾಯ, ಬಿಟ್ಟು ಹೋಗಬೇಕು.

ಒಳಗಿದ್ದ ಕೈಪಿಡಿಯೂ ಅದೇ ಜಾತಿಯದು. ಇಂಗ್ಲಿಷ್ ಮತ್ತು ಹಿಂದಿಯಲ್ಲಿದೆ, ಕನ್ನಡದ ಒಂದಕ್ಷರವೂ ಇಲ್ಲ. ನೆಲ ನಡುಗಿದರೆ ಮೇಜಿನ ಕೆಳಗೆ ಸೇರಿಕೊಳ್ಳಿ ಎಂದು ಚಿತ್ರ ಸಮೇತ ಎರಡು ಪುಟ. ಗುಡ್ಡ ಕುಸಿತಕ್ಕೆ ಎರಡು ಸಾಲೂ ಸಿಕ್ಕಿಲ್ಲ. ಮಗಳಿಂದ ದುಂಡಗಿನ ಅಕ್ಷರದಲ್ಲಿ ಬೇರೆ ಹಾಳೆ ಬರೆಸಿ ಚೀಲದ ಮುಚ್ಚಳಕ್ಕೆ ಅಂಟಿಸಿದ್ದೇನೆ. ಮೇಲ್ಗಡೆ 112 ಮತ್ತು ಜಿಲ್ಲಾ ನಿಯಂತ್ರಣ ಕೊಠಡಿಯ 1077. ಅದರ ಕೆಳಗೆ, ಕಂಡರೆ ಕಾಯದೆ ಹೊರಡಬೇಕಾದ ಗುರುತುಗಳು: ಬರೆಯ ಮೇಲೆ ಹೊಸ ಬಿರುಕು, ವಾಲಿದ ಸಿಲ್ವರ್ ಓಕ್ ಅಥವಾ ಕರೆಂಟು ಕಂಬ, ಇಲ್ಲದ ಕಡೆ ಎದ್ದ ಒರತೆ, ಕೆಂಪಗಾದ ನೀರು, ಸುರಿಯುವ ಮಳೆಯಲ್ಲೂ ಇದ್ದಕ್ಕಿದ್ದಂತೆ ಬಡವಾದ ತೋಡು (ಸಣ್ಣ ಹಳ್ಳ), ನಿನ್ನೆಯವರೆಗೆ ಸಲೀಸಾಗಿದ್ದು ಇಂದು ಸಿಕ್ಕಿಕೊಳ್ಳುವ ಬಾಗಿಲು.

ಇನ್ನು ರೇಡಿಯೊ. ಚೀಲದಲ್ಲಿ ನನಗೆ ಇಷ್ಟವಾದದ್ದೂ ನಗು ತರಿಸಿದ್ದೂ ಇದೇ. ಅಂಗೈಯಗಲ, ಪಕ್ಕದಲ್ಲಿ ತಿರುಗಿಸುವ ಹಿಡಿ, ಬೆನ್ನಿನ ಮೇಲೆ ಸೌರ ಫಲಕ, ಮೂತಿಗೆ ಟಾರ್ಚ್. ಒಂದು ನಿಮಿಷ ತಿರುಗಿಸಿದರೆ ಆರು ನಿಮಿಷ ಹಾಡುತ್ತದೆ. ಗಡಿಯಾರ ಇಟ್ಟುಕೊಂಡೇ ನೋಡಿದ್ದೇನೆ. ಮಡಿಕೇರಿ ಆಕಾಶವಾಣಿಯ 103.1 ಸ್ವಚ್ಛವಾಗಿ ಬರುತ್ತದೆ. ಟವರ್ ಸತ್ತು ಮೊಬೈಲುಗಳೆಲ್ಲ ಮೂಕವಾದಾಗ ಯಾವ ರಸ್ತೆ ಮುಚ್ಚಿದೆ, ಶಾಲೆಗೆ ರಜೆಯೋ ಇಲ್ಲವೋ ಎಂದು ಹೇಳುವ ದನಿ ಅದೊಂದೇ. ಆದರೆ ರೇಡಿಯೊದ ಗುಂಡಿಯಲ್ಲಿ ‘ಡಬ್ಲ್ಯೂಬಿ’ ಎಂಬ ಮೂರನೆಯ ಮನೆಯೂ ಇದೆ. ಅಲ್ಲಿಗೆ ತಿರುಗಿಸಿದರೆ ಬರೀ ಗೊರಗೊರ. ಅದು ಹವಾಮಾನ ಪ್ರಸಾರದ ತರಂಗ, 162 ಮೆಗಾಹರ್ಟ್ಸ್‌ನದು, ಅಮೆರಿಕ ಮತ್ತು ಕೆನಡಾದವರಿಗೆ. ಅಲ್ಲಿನ ಸುಂಟರಗಾಳಿಗೆಂದು ಮಾಡಿದ ಪೆಟ್ಟಿಗೆಗೆ ಇಲ್ಲಿಯ ಹೆಸರು ಹಚ್ಚಿ ಮಾರಿದ್ದಾರೆ. ಸೌರ ಫಲಕದ ಬಗ್ಗೆ ನಾನು ಏನು ಹೇಳಲಿ? ಜುಲೈ ತಿಂಗಳಲ್ಲಿ ನಮ್ಮ ಕಡೆ ಸೂರ್ಯ ಇದ್ದಾನೆಂಬುದೇ ವದಂತಿ. ಹಿಡಿ ತಿರುಗಿಸಿ ಮೊಬೈಲಿಗೆ ಚಾರ್ಜ್ ತುಂಬುವ ಸಾಹಸವನ್ನು ಮಗಳು ಮಾಡಿದಳು. ಕಾಲು ಗಂಟೆ ತಿರುಗಿಸಿ ಶೇಕಡಾ 2 ತುಂಬಿಸಿದಳು, ತೋಳು ಹಿಡಿದುಕೊಂಡು ಕುಳಿತಳು.

ಸಿಳ್ಳೆಗೆ ಪೂರ್ತಿ ಅಂಕ. ಕೆಳಗಿನ ಗದ್ದೆಯಲ್ಲಿದ್ದ ಯಜಮಾನರಿಗೆ ಮಳೆಯಲ್ಲೂ ಕೇಳಿಸಿತು. ಬೆಳ್ಳಿ ಬಣ್ಣದ ಹಾಳೆಯಂಥ ಹೊದಿಕೆ ಕಾಫಿ ರೆಂಬೆ ತಾಗಿದ ಕೂಡಲೇ ಹರಿಯಿತು. ಅದನ್ನು ಹೊದ್ದು ಹೊರಳಿದರೆ ಪಕ್ಕದವರಿಗೂ ನಿದ್ದೆಯಿಲ್ಲ. ತಿನ್ನುವ ಬಾರುಗಳ ಅವಧಿ ಸೆಪ್ಟೆಂಬರಿಗೇ ಮುಗಿಯುತ್ತಿತ್ತು, ರುಚಿ ಮರದ ಹೊಟ್ಟಿಗೆ ಸಕ್ಕರೆ ಬೆರೆಸಿದಂತೆ. ಆ ಜಾಗಕ್ಕೆ ಅವಲಕ್ಕಿ, ಬೆಲ್ಲ, ಹುರಿಗಡಲೆ ತುಂಬಿಸಿದ್ದೇನೆ. ಕಕ್ಕಡ 18ಕ್ಕೆ (ಕೊಡವರ ಕಕ್ಕಡ ತಿಂಗಳ ಹದಿನೆಂಟನೆಯ ದಿನ, ಆಗಸ್ಟ್ ಆರಂಭದಲ್ಲಿ) ಮದ್ದುಪಾಯಸ ಮಾಡುವ ದಿನವೇ ಚೀಲ ಬಿಚ್ಚಿ ಹಳೆಯದನ್ನು ತಿಂದು ಹೊಸದನ್ನು ಇಡುತ್ತೇವೆ. ಪ್ರಥಮ ಚಿಕಿತ್ಸೆಯ ಡಬ್ಬದಲ್ಲಿ ಓಆರ್‌ಎಸ್ ಪೊಟ್ಟಣಗಳಿದ್ದದ್ದು ಸಂತೋಷ. (ಅದನ್ನು ಒಂದು ಲೀಟರ್ ನೀರಿಗೆ ಹಾಕಬೇಕು. ನಮ್ಮ ಮನೆಯಲ್ಲಿ ಲೋಟಕ್ಕೆ ಸುರಿದವರಿದ್ದಾರೆ, ಹೆಸರು ಹೇಳುವುದಿಲ್ಲ.) ಕ್ಲೋರಿನ್ ಮಾತ್ರೆಗಳೂ ಒಳ್ಳೆಯವೇ. ಕೆಸರು ನೀರಿಗೆ ನೇರವಾಗಿ ಹಾಕಿದರೆ ಅವು ಸರಿಯಾಗಿ ಕೆಲಸ ಮಾಡುವುದಿಲ್ಲ. ಬಟ್ಟೆಯಲ್ಲಿ ಸೋಸಿ, ತಿಳಿಯಾಗಲು ಬಿಟ್ಟು, ಆಮೇಲೆ ಹಾಕಿ ಅರ್ಧ ಗಂಟೆ ಕಾಯಬೇಕು. ಇದನ್ನು ಪೊಟ್ಟಣದ ಮೇಲೆ ಇರುವೆ ಗಾತ್ರದಲ್ಲಿ ಅಚ್ಚು ಹಾಕಿದ್ದಾರೆ.

ನಿಜವಾದ ಪರೀಕ್ಷೆ ನಡೆದದ್ದು ಜುಲೈನಲ್ಲಿ. ತೋಟದವರೆಲ್ಲರಂತೆ ನಾವೂ ಮಳೆಯನ್ನು ಇಂಚು, ಸೆಂಟಿನಲ್ಲಿ (ಇಂಚಿನ ನೂರನೆಯ ಒಂದು ಪಾಲು ಒಂದು ಸೆಂಟು) ಬರೆದಿಡುತ್ತೇವೆ. ಹವಾಮಾನ ಇಲಾಖೆಯವರ ಲೆಕ್ಕದಲ್ಲಿ ದಿನಕ್ಕೆ 204.5 ಮಿಲಿಮೀಟರ್ ಮುಟ್ಟಿದರೆ ಅತ್ಯಂತ ಭಾರೀ ಮಳೆ, ಅಂದರೆ 8 ಇಂಚು. ಅಲ್ಲಿಯವರೆಗೆ ಕಾಯುವ ಧೈರ್ಯ ನಮಗಿಲ್ಲ. ಎರಡು ದಿನ ಸತತ 5 ಇಂಚು ದಾಟಿದರೆ ಪೇಟೆಯಲ್ಲಿರುವ ಅಕ್ಕನ ಮನೆಗೆ ಹೋಗುವುದು ಮನೆಯ ಕಟ್ಟಳೆ. ಆ ಸಂಜೆ 5 ಇಂಚು 20 ಸೆಂಟ್ ಆಗಿತ್ತು, ಹೊರಟೆವು. ಮುಕ್ಕಾಲು ಗಂಟೆ ಮಳೆಯಲ್ಲಿ ನಡೆದು, ಜೀಪು ಹತ್ತಿ, ಅಕ್ಕನ ಮನೆಯಲ್ಲಿ ಬಿಚ್ಚಿದರೆ ‘ನೀರು ಒಳಬಾರದು’ ಎಂದು ಹೇಳಿಕೊಂಡಿದ್ದ ಚೀಲದ ಜಿಪ್ಪಿನ ಮೂಲಕ ನೀರು ನುಗ್ಗಿ ತಳದಲ್ಲಿ ನಿಂತಿತ್ತು. ಬ್ಯಾಂಡೇಜೆಲ್ಲ ಮುದ್ದೆ. ಫೈಲು ಉಳಿದದ್ದು ಅದನ್ನು ನಾನು ಗೊಬ್ಬರದ ಖಾಲಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದ್ದರಿಂದ. ಪಹಣಿ ಹೋದರೆ ಮತ್ತೆ ತೆಗೆಸಬಹುದು. ಮಾವನ ಕಾಲದ ಪಾಲುಪಟ್ಟಿಯನ್ನು ಎಲ್ಲಿಂದ ತರುವುದು?

ಕಂಪನಿಯ ಗ್ರಾಹಕ ಸೇವೆಗೆ ಫೋನ್ ಮಾಡಿದೆ. ಹುಡುಗ ವಿನಯದಿಂದಲೇ ಮಾತನಾಡಿದ. “ಮೇಡಂ, ಮಳೆಯ ಹೊದಿಕೆ ಪ್ರತ್ಯೇಕವಾಗಿ ಸಿಗುತ್ತದೆ, 799 ರೂಪಾಯಿ” ಎಂದ. ವಿಪತ್ತಿನ ಚೀಲಕ್ಕೆ ಮಳೆಯ ಹೊದಿಕೆ ಬೇರೆ ಕೊಳ್ಳಬೇಕೇ ಎಂದು ಕೇಳಿದೆ. ಮೇಲಿನವರಿಗೆ ತಿಳಿಸುತ್ತೇನೆ ಎಂದ.

ಈಗ ಸಾಮಾನನ್ನು ಮೂರು ಹಳೆಯ ಶಾಲಾ ಚೀಲಗಳಿಗೆ ಹಂಚಿದ್ದೇನೆ, ಯಾವುದೂ 3 ಕಿಲೋ ಮೀರುವುದಿಲ್ಲ. ಇನ್ಸುಲಿನ್ ಮೊದಲೇ ತುಂಬಿಡುವ ವಸ್ತುವಲ್ಲವಾದ್ದರಿಂದ ಫ್ರಿಜ್ ಬಾಗಿಲಿಗೆ ಕೆಂಪು ದಾರ ಕಟ್ಟಿದ್ದೇವೆ. ಹೊರಡುವಾಗ ದಾರ ಬಿಚ್ಚಿ ಔಷಧ ತೆಗೆಯುವುದು ಮಗಳ ಕೆಲಸ. ಕೆಂಪು ಚೀಲದಲ್ಲಿ ಅತ್ತೆ ಬಟ್ಟೆ ಒಗೆಯುವ ಸಾಬೂನು ಇಟ್ಟುಕೊಂಡಿದ್ದಾರೆ.

ಐದಕ್ಕೆ ಎರಡು ಅಂಕ; ಒಂದು ರೇಡಿಯೊಗೆ, ಒಂದು ಸಿಳ್ಳೆಗೆ. ಇವೆರಡನ್ನು ಬಿಡಿಯಾಗಿ ಕೊಂಡರೆ ಸಾಕು. ಚೀಲವೇ ಬೇಕೆನ್ನುವವರು ಮೇ ತಿಂಗಳಲ್ಲಿ ಕೊಳ್ಳಬೇಡಿ. ಹಿಂದಿರುಗಿಸಲು 10 ದಿನ ಮಾತ್ರ ಅವಕಾಶವಿದೆ, ನಮಗೆ ಮಳೆ ಹಿಡಿಯುವ ಹೊತ್ತಿಗೆ ಅದು ಮುಗಿದಿತ್ತು. ಜೂನ್ ನಡುವಿನಲ್ಲಿ ತರಿಸಿ, ಬಂದ ದಿನವೇ ಒಳಗೆ ಒಂದು ಹಳೆಯ ಪತ್ರಿಕೆ ತುರುಕಿ ರಾತ್ರಿಯಿಡೀ ಅಂಗಳದಲ್ಲಿಡಿ.