ಸೋಲಾಪುರ ರಸ್ತೆಯ ಏರ್ ಬ್ರೇಕ್ ಅಂಗಡಿ: ಕೆಲಸ ಪಕ್ಕಾ, ಬಿಲ್ಲು ಮಾತ್ರ ಕೇಳಬೇಡಿ

ವಿಜಯಪುರದಿಂದ ಸೋಲಾಪುರದ ಕಡೆ ಹೊರಟರೆ, ಊರು ಮುಗಿಯುವಲ್ಲಿ ಟೈರ್ ಅಂಗಡಿಗಳ ಹಿಂದೆ ಒಂದು ತಗಡಿನ ಶೆಡ್ಡು ಸಿಗುತ್ತದೆ. ಬೋರ್ಡಿನ ಅಕ್ಷರ ಅಳಿಸಿಹೋಗಿದೆ. ಏರ್ ಬ್ರೇಕ್ ಅಂಗಡಿ ಎಂದರೆ ಯಾವ ಲಾರಿ ಚಾಲಕನೂ ದಾರಿ ತೋರಿಸುತ್ತಾನೆ.

ಉಳ್ಳಾಗಡ್ಡಿ ಸಾಗಿಸುವ ನನ್ನ ಆರು ಚಕ್ರದ ಲಾರಿಯಲ್ಲಿ, ಪೆಡಲ್ ಮುಟ್ಟದಿದ್ದರೂ ಪೆಡಲ್ ವಾಲ್ವಿನ ಕೆಳಗಿನಿಂದ ಗಾಳಿ ಸುಯ್ಯೆನ್ನುತ್ತಿತ್ತು. ಗೇಜು 7 ಬಾರ್ ಮುಟ್ಟಲು ಒದ್ದಾಡುತ್ತಿತ್ತು. ಬೇರೊಂದು ಗ್ಯಾರೇಜಿನವರು ಹಿಂದುಮುಂದು ನೋಡದೆ ಹೊಸ ವಾಲ್ವ್ ಹಾಕಿ ದುಡ್ಡು ಎಣಿಸಿಕೊಂಡರು. ಸದ್ದು ಮಾತ್ರ ಹಾಗೆಯೇ ಉಳಿಯಿತು.

ಇಲ್ಲಿನ ಹಿರಿಯ ಮಿಸ್ತ್ರಿ ಪಾನಾ ಮುಟ್ಟುವ ಮೊದಲು ಕೇಳಿದ್ದು ಒಂದೇ: ‘ರಾತ್ರಿ ನಿಲ್ಲಿಸಿದಾಗ ಗಾಳಿ ಇಳಿಯುತ್ತದೆಯೇ?’ ಇಲ್ಲ ಎಂದೆ. ಚಕ್ರಗಳಿಗೆ ಕಲ್ಲು ಕೊಡಿಸಿ ಹ್ಯಾಂಡ್‌ಬ್ರೇಕ್ ಬಿಡಿಸಿದರು, ಸುಯ್ಯೆಂದಿತು. ಎಳೆಸಿದರು, ನಿಂತಿತು. ವಾಲ್ವಿನದಲ್ಲ, ಹಿಂದಿನ ಬೂಸ್ಟರಿನ (ಚಕ್ರದ ಬಳಿ ಗಾಳಿಯ ಒತ್ತಡದಿಂದ ಬ್ರೇಕ್ ಹಿಡಿಸುವ ಡಬ್ಬಿ) ತೊಂದರೆ ಎಂದರು.

ಹಿಂದಿನ ಚಕ್ರದ ಬೂಸ್ಟರಿನಲ್ಲಿ ಎರಡು ಕೋಣೆಗಳಿವೆ. ಒಂದಕ್ಕೆ ಬರುವುದು ಪೆಡಲಿನ ಗಾಳಿ. ಇನ್ನೊಂದರಲ್ಲಿ, ಹ್ಯಾಂಡ್‌ಬ್ರೇಕ್ ಬಿಟ್ಟಾಗ ಅದರ ಸ್ಪ್ರಿಂಗನ್ನು ಅದುಮಿ ಹಿಡಿಯುವ ಗಾಳಿ. ನಡುವಿನ ಸೀಲ್ ಸವೆದರೆ ಸ್ಪ್ರಿಂಗಿನ ಕೋಣೆಯ ಗಾಳಿ ಈಚೆಗೆ ನುಸುಳಿ, ಪೆಡಲಿನ ಪೈಪಿನಲ್ಲೇ ಹಿಂದಿರುಗಿ ವಾಲ್ವಿನ ಬಾಯಿಂದ ಹೊರಬೀಳುತ್ತದೆ. ಹ್ಯಾಂಡ್‌ಬ್ರೇಕ್ ಎಳೆದಾಗ ಆ ಕೋಣೆಯೇ ಖಾಲಿ, ಇನ್ನು ಸೋರುವುದೇನು? ಎರಡೂ ಬದಿಯ ಪೆಡಲಿನ ಪೈಪು ಬಿಚ್ಚಿ, ಹ್ಯಾಂಡ್‌ಬ್ರೇಕ್ ಮತ್ತೆ ಬಿಡಿಸಿ, ಬೂಸ್ಟರಿನ ಆ ರಂಧ್ರಕ್ಕೆ ಸಾಬೂನಿನ ನೊರೆ ಹಚ್ಚಿದರು. ಚಾಲಕನ ಬದಿ ತೆಪ್ಪಗಿತ್ತು. ಕ್ಲೀನರ್ ಬದಿಯಲ್ಲಿ ನೊರೆ ಉಬ್ಬಿ ಉಬ್ಬಿ ಒಡೆಯಿತು.

ಹಳೆಯ ಬೂಸ್ಟರ್ ಇಳಿಸುವ ಮೊದಲು ಅದರ ಹಿಂಬದಿಗೆ ಉದ್ದನೆಯ ಬೋಲ್ಟು ತೂರಿಸಿ ಸ್ಪ್ರಿಂಗನ್ನು ಬಿಗಿದು ಕಟ್ಟಿದರು. ಅಲ್ಲೇ ನಿಂತಿದ್ದ ಇನ್ನೊಬ್ಬ ಮಾಲೀಕ, ಪೂರ್ತಿ ಯಾಕೆ ಬದಲಿಸಬೇಕು, ಕ್ಲ್ಯಾಂಪು ಬಿಚ್ಚಿ ಸೀಲ್ ಹಾಕಿಬಿಡಿ ಎಂದು ಸಲಹೆ ಕೊಡಲು ಹೋಗಿ ಚೆನ್ನಾಗಿ ಬೈಸಿಕೊಂಡ. ಬೈದದ್ದು ಸರಿಯೇ. ಅದುಮಿಟ್ಟ ಆ ಸ್ಪ್ರಿಂಗ್ ಸಿಡಿದರೆ ಎದುರಿಗಿದ್ದವನು ಉಳಿಯುವುದಿಲ್ಲ. ನಾಲ್ಕು ಕಾಸು ಉಳಿಸಲು ಇಂಥ ಕೆಲಸಕ್ಕೆ ಕೈ ಹಾಕುವ ಗ್ಯಾರೇಜುಗಳಿಗೆ ನಮ್ಮಲ್ಲಿ ಬರವಿಲ್ಲ.

ಗಾಳಿ ಟ್ಯಾಂಕಿನ ನೀರು ಬಿಟ್ಟು ನೋಡಿ, ಎಣ್ಣೆಯ ಜಿಡ್ಡಿಲ್ಲ, ಗಾಳಿ ತುಂಬುವ ಕಂಪ್ರೆಸರಿಗೆ ಕೈ ಹಚ್ಚುವುದು ಬೇಡ ಎಂದರು. ಬೇಡದ ಸಾಮಾನು ತಲೆಗೆ ಕಟ್ಟಲಿಲ್ಲ. ಬೂಸ್ಟರಿನ ಬೆಲೆ ಬಿಟ್ಟು ಕೂಲಿ 600 ರೂಪಾಯಿ.

ಕುಂದುಗಳೂ ಇವೆ. ಬಿಲ್ಲು ಕೇಳಿದರೆ ಸಿಗರೇಟು ಪೊಟ್ಟಣದ ಹಿಂದೆ ಬರೆದು ಕೊಡುತ್ತಾರೆ, ಅದನ್ನು ನನ್ನ ಲೆಕ್ಕಿಗ ಒಪ್ಪುವುದಿಲ್ಲ. ಕೂರಲು ನೆರಳಿಲ್ಲ, ಏಪ್ರಿಲ್ ಬಿಸಿಲಿನಲ್ಲಿ ತಗಡಿನ ಕೆಳಗೆ ನಿಲ್ಲುವುದೂ ಒಂದೇ, ಹೊರಗೆ ನಿಲ್ಲುವುದೂ ಒಂದೇ. ಕಬ್ಬಿನ ಹಂಗಾಮಿನಲ್ಲಿ ಲಾರಿಗಳ ಸಾಲು ರಸ್ತೆಯವರೆಗೂ ಬರುತ್ತದೆ. ಆ ದಿನಗಳಲ್ಲಿ ಹೋಗುವವರು ಬೆಳಗ್ಗೆ ಬಾಗಿಲು ತೆಗೆಯುವ ಹೊತ್ತಿಗೇ ಮುಟ್ಟಿರಿ. ಸಂಜೆ ದೀಪ ಹಚ್ಚಿದ ಮೇಲೆ ಅವರು ಹೊಸ ಗಾಡಿ ಹಿಡಿಯುವುದಿಲ್ಲ.